ನೂರ ಮೂವತ್ತೇಳನೆಯ ಹೆಸರು

6-2-1988, ಶನಿವಾರ. ಸಂಜೆ 6

ಬ್ಯಾಕಪ್ ಮುಗಿಯಿತು. ಎರಡು ಫ್ಲಾಪಿ, 412 ಹೆಸರು, ಒಂದೂ ಎರರ್ ಇಲ್ಲ. ಅಟೆಂಡರ್ ಪಕ್ಕೀರಪ್ಪ ಇವತ್ತೂ ಚಪ್ಪಲಿ ಹಾಕಿಕೊಂಡೇ ಕಂಪ್ಯೂಟರ್ ರೂಮಿಗೆ ನುಗ್ಗಿದ. ಬೈದೆ. ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದಾನೆ, ಧೂಳು ಎಂದರೆ ಏನೆಂದು ಇನ್ನೂ ಗೊತ್ತಿಲ್ಲ.

ಬೆಂಗಳೂರಿನ ಟ್ರೇನಿಂಗಿನಲ್ಲಿ ಮೇಷ್ಟ್ರು ಹೇಳಿದ್ದರು — ಅಸಲು ಮತ್ತು ನಕಲು ಒಂದೇ ಸೂರಿನ ಕೆಳಗೆ ಮಲಗಬಾರದು. ಹಾಗಾಗಿ ಅಸಲು ಆಸ್ಪತ್ರೆಯಲ್ಲಿ, ನಕಲು ನಮ್ಮ ಮನೆಯಲ್ಲಿ. ಪ್ರತಿ ಶನಿವಾರ ಫ್ಲಾಪಿ ಡಬ್ಬಿ ಹಿಡಿದುಕೊಂಡು ಬರುವುದನ್ನು ನೋಡಿ ನನ್ನ ಹೆಂಡತಿ ಮಾರಿಗೆ ನಗು. "ಬಂದ್ಳು ನೋಡವ್ವಾ ನನ್ನ ಸವತಿ" ಎಂದು ತನ್ನಮ್ಮನಿಗೆ — ನಮ್ಮ ಜೊತೆಗೇ ಇರುವ ಅತ್ತೆಗೆ — ಹೇಳಿ ಡಬ್ಬಿ ಇಸಿದುಕೊಂಡಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಅಡುಗೆಮನೆಯ ಆಚೆ ಗೋಡೆಯ ಗೂಡಿನಲ್ಲಿ ಇಟ್ಟಳು. ದೀಪದಿಂದ ದೂರ ಇಡು ಎಂದೆ. ಇನ್ನಷ್ಟು ಒಳಕ್ಕೆ ತಳ್ಳಿದಳು.

ರಕ್ತ ಕೊಡುವವರ ಪಟ್ಟಿ ಇದು. ನಮ್ಮ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಸುತ್ತಲ ಹಳ್ಳಿಗಳದ್ದೆಲ್ಲ. ಮೊದಲು ನೋಟ್‌ಬುಕ್ಕಿನಲ್ಲಿತ್ತು. ಯಾರಿಗಾದರೂ ರಕ್ತ ಬೇಕೆಂದರೆ ಹಾಳೆ ತಿರುವುವುದರಲ್ಲೇ ಗಂಟೆ ಹೋಗುತ್ತಿತ್ತು. ಈಗ ಗುಂಪು ಟೈಪ್ ಮಾಡಿದರೆ ಹೆಸರು, ಊರು, ಕರೆದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ — ಎಲ್ಲ ಪರದೆ ಮೇಲೆ. ಬೇಗ ಬರುವವರು ಮೇಲೆ.

ಮಾರಿಯದು 137. ಮಾರೆಮ್ಮ, ವಯಸ್ಸು 26, ಓ ನೆಗೆಟಿವ್. ಎರಡನೇ ಕೂಸೂ ಹೊಟ್ಟೆಯಲ್ಲೇ ಹೋದಾಗ ಅವಳ ರಕ್ತ ಪರೀಕ್ಷೆ ಮಾಡಿದ್ದು. ಈ ಸೀಮೆಗೆ ಆ ಗುಂಪಿನವರು ಮೂರೇ ಜನ. ತಾನಾಗಿಯೇ ಬಂದು ಹೆಸರು ಬರೆಸಿದಳು. "ನಮ್ಮವು ಉಳೀಲಿಲ್ಲ. ಯಾರವಾರ ಉಳೀಲಿ." ಎಷ್ಟು ನಿಮಿಷಕ್ಕೆ ಬರುತ್ತೀ ಎಂದೆ. "ಸೊನ್ನಿ ಬರೀರಿ." ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷವಾದರೂ ಬೇಕು, ಸುಳ್ಳು ಬರೆಯಲು ಬರುವುದಿಲ್ಲ ಎಂದು ವಾದ ಮಾಡಿದೆ. "ಕರದ ಕೂಡ್ಲೇ ಬರ್ತೀನಿ ಅಂದಮ್ಯಾಲ ಸೊನ್ನೀನ. ಬರೀರಿ ಸುಮ್ಮ್ಕ." ಬರೆದೆ.

9-2-88. ಬೆಳಿಗ್ಗೆ

6-10ಕ್ಕೆ ನೆಲ ಅಲುಗಿತು. ಲಾರಿ ಹೋಯಿತೇನೋ ಎಂದುಕೊಂಡೆ. ಲಾರಿ ಇಲ್ಲ. ಮಾಳಿಗೆಯಿಂದ ಮಣ್ಣು ಉದುರಿ ಚಹಾಕ್ಕೆ ಬಿತ್ತು. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಓಡಿಹೋಗಿ ಕಂಪ್ಯೂಟರ್ ನೋಡಿಬಂದೆ. ಸರಿಯಾಗಿದೆ. ಮಾರಿ — "ಭೂಮಿ ನಡುಗಿದ್ರೂ ಮದ್ಲು ಅದರ ಕ್ಷೇಮಸಮಾಚಾರ. ನಾನು ಅದೀನೋ ಇಲ್ಲೋ ಕೇಳ್ರಿ."

ಕೇಳಲಿಲ್ಲ. ನಕ್ಕೆ.

11-2-88

ನಿನ್ನೆ ಎರಡು ಸಲ, ಇವತ್ತು ಮೂರು. ಮೊದಲು ದೂರದಲ್ಲಿ ಗುಡುಗಿದ ಹಾಗೆ ಸದ್ದು, ಆಮೇಲೆ ನಡುಕ. ಓಣಿಯವರೆಲ್ಲ ಮಂಚ ಹೊರಗೆ ಹಾಕಿದ್ದಾರೆ. ನಾವೂ. ಮಾರಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ತಟ್ಟುತ್ತಿದ್ದಾಳೆ. ಅತ್ತೆ ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿ ಪಕ್ಕದಲ್ಲೇ ಕೂತಿದ್ದಾರೆ. ನಾನು ಕಿಟಕಿಯ ಮೇಲೆ ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಬೋರಲು ಪೇರಿಸಿದ್ದೇನೆ — ಬಿದ್ದ ಸದ್ದಾದರೆ ಹೊರಗೆ ಓಡಬೇಕು. ಓಣಿಯಲ್ಲಿ ಎಲ್ಲರೂ ಹಾಗೇ ಮಾಡಿದರು. ಬೆಕ್ಕು ಬೀಳಿಸಿದರೂ ಓಡುತ್ತಾರೆ.

ಮಾರಿಗೂ ನನಗೂ ಜಗಳ. ಡಬ್ಬಿಯನ್ನೂ ಹೊರಗೆ ತಂದು ಮಂಚದ ಕೆಳಗೆ ಇಡೋಣ ಎಂದಳು. ಬಿಸಿಲು, ಧೂಳು, ಇಬ್ಬನಿ — ಫ್ಲಾಪಿ ಎಂದರೆ ಏನೆಂದುಕೊಂಡಿದ್ದೀ ಎಂದು ರೇಗಿದೆ. ಗೂಡು ತಂಪಾಗಿದೆ, ಅಲ್ಲೇ ಇರಲಿ.

"ಮನಿ ಬಿದ್ರ?"

"ಜೋರಾಗಿ ಅಲುಗಿದ್ರ ಮದ್ಲು ಡಬ್ಬಿ ತಗೊಂಡು ಹೊರಗ ಬಾ. ಟ್ರಂಕು ಗಿಂಕು ಆಮ್ಯಾಲ. ತಿಳೀತಿಲ್ಲೋ?"

"ತಿಳೀತ್ರೀ ಸಾಹೇಬ್ರ."

13-2-88, ಶನಿವಾರ

ದಿನವಿಡೀ ಕರೆಂಟ್ ಇಲ್ಲ. ಬ್ಯಾಕಪ್ ಆಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ತಪ್ಪಿದ್ದು. ಮನಸ್ಸಿಗೆ ಕಿರಿಕಿರಿ. ಈ ವಾರ ಹೊಸ ಹೆಸರು ಯಾವುದೂ ಸೇರಿಲ್ಲ, ಹಳೆಯದೇ ನಡೆಯುತ್ತದೆ.

ಅಡುಗೆಮನೆ ಗೋಡೆಯಲ್ಲಿ ಬಿರುಕು. ಬೆರಳು ಹೋಗುವಷ್ಟು. ಸೋಮವಾರ ಮೇಸ್ತ್ರಿಗೆ ಹೇಳಬೇಕು.

15-2-88, ಸೋಮವಾರ. 10-50

ಈಗಷ್ಟೇ ದೊಡ್ಡದಾಯಿತು. ಟೇಬಲ್ ಒಂದು ಅಡಿ ಸರಿದಿದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದೆ, ಏನೂ ಬರುತ್ತಿಲ್ಲ. ಪೇಟೆ ಕಡೆ ಎರಡು ಮಾಳಿಗೆ ಬಿದ್ದಿವೆಯಂತೆ, ಜನರನ್ನು ತರುತ್ತಿದ್ದಾರೆ. ಡಾಕ್ಟರ್ ಮರುಳಪ್ಪನವರು ಬಾಗಿಲಲ್ಲಿ ನಿಂತು — "ಲಿಸ್ಟ್ ಬೇಕು ಉಚ್ಚಂಗೆಪ್ಪ, ಲಗೂನ." ಮನೆಯಲ್ಲಿ ಕಾಪಿ ಇದೆ ಸರ್ ಎಂದೆ. ಇದಕ್ಕೇ ಅಲ್ಲವೇ ಇಷ್ಟು ದಿನ ಎಲ್ಲರ ಕೈಲಿ ನಗಿಸಿಕೊಂಡದ್ದು. ಪಕ್ಕೀರಪ್ಪ ಸೈಕಲ್ ತರಲು ಹೋಗಿದ್ದಾನೆ. ಬಂದ. ಹೊರಟೆ —

2-3-88

ಹದಿನಾರು ದಿನ.

ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಸೈಕಲ್ ಬಸವಣ್ಣನ ಗುಡಿ ದಾಟುವಾಗ ಎರಡನೆಯದು ಬಂತು. ಬಿದ್ದೆ. ಎದ್ದೆ. ನಮ್ಮ ಓಣಿಯ ಮೇಲೆ ಧೂಳು ಏಳುತ್ತಿತ್ತು. ಅದನ್ನು ನೋಡಿದಾಗ ನನಗೆ ಮೊದಲು ಬಂದ ಯೋಚನೆ — ಡಬ್ಬಿ. ದೇವರಾಣೆ, ಡಬ್ಬಿ. ಮಾರಿ ಆಮೇಲೆ.

ಮೊದಲನೆಯದು ಆದಾಗ ಅವಳು ಹೊರಗೇ ಇದ್ದಳು. ಒಲೆಯ ಮುಂದೆ. ಏನೂ ಆಗಿರಲಿಲ್ಲ ಅವಳಿಗೆ. ಅತ್ತೆ ಹೇಳುತ್ತಾರೆ, ದಿನಾ ಹೇಳುತ್ತಾರೆ, ಬೇಡವೆಂದರೂ ಹೇಳುತ್ತಾರೆ. "ನನ್ನ ಬಗಲಾಗ ನಿಂತಿದ್ಲಪ್ಪಾ. ಕೈಯಾಗಿನ ಹಿಟ್ಟು ಇನ್ನಾ ತೊಳಕಂಡಿದ್ದಿಲ್ಲ. ಬ್ಯಾಡಬೇ, ಹೋಗಬ್ಯಾಡ ಅಂತ ಸೆರಗು ಹಿಡದೆ. ಅವರು ಬೈತಾರಬೇ, ಈಗ ಬಂದೆ ಅಂದ್ಲು. ಸೆರಗು ಬಿಡಿಸ್ಕೊಂಡು ಹೋದ್ಲು."

ಅವರು ಬೈತಾರಬೇ.

ಎರಡನೆಯದಕ್ಕೆ ಬಿದ್ದದ್ದು ಅಡುಗೆಮನೆಯ ಆ ಗೋಡೆ ಒಂದೇ. ಪಡಸಾಲೆ ನಿಂತಿದೆ, ಕಿಟಕಿಯ ಲೋಟಗಳು ಕೂಡ ಎರಡೇ ಬಿದ್ದಿದ್ದವು. ಓಣಿಯವರು ಕಲ್ಲು ತೆಗೆದರು. ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮಗ್ಗುಲಾಗಿ ಮಲಗಿದ್ದಳು. ಉಸಿರಿತ್ತು. ನನ್ನನ್ನು ನೋಡಿದಳು. "ಒಡದಿಲ್ಲ ನೋಡ್ರಿ" ಎಂದಳು. ಅಷ್ಟೇ ಮಾತು.

ಬಂಡಿಯಲ್ಲಿ ತಂದೆವು. ಒಳಗೆ ಎಲ್ಲೋ ರಕ್ತ ಹೋಗುತ್ತಿದೆ, ಕೂಡಲೇ ರಕ್ತ ಬೇಕು ಎಂದರು ಡಾಕ್ಟರು. ನನ್ನದು ಬಿ ಪಾಸಿಟಿವ್. ಹೊಟ್ಟೆಯ ಕೂಸುಗಳಿಗೆ ನನ್ನಿಂದ ಬಂದ ಪಾಸಿಟಿವ್ ಅವಳ ರಕ್ತಕ್ಕೆ ಒಗ್ಗಿರಲಿಲ್ಲ, ಈಗ ಅವಳಿಗೂ ನನ್ನ ರಕ್ತ ಆಗದು. ಪಕ್ಕದ ಕೋಣೆಯಲ್ಲಿ ಅವಳನ್ನು ಮಲಗಿಸಿ ನಾನು ಕಂಪ್ಯೂಟರ್ ಮುಂದೆ ಕೂತೆ. ಫ್ಲಾಪಿಯಿಂದಲೇ ಚಾಲೂ ಮಾಡಿದೆ. ಅವಳ ಕೈಯ ಜೋಳದ ಹಿಟ್ಟು ಡಬ್ಬಿಯ ಮುಚ್ಚಳಕ್ಕೆ ಮೆತ್ತಿತ್ತು. ಧೂಳು ಬೀಳಬಾರದೆಂದು ಒರೆಸಿದೆ. ಅಂಥ ಹೊತ್ತಿನಲ್ಲೂ ಒರೆಸಿದೆ.

ಓ ನೆಗೆಟಿವ್. ಮೂರು ಹೆಸರು ಬಂದವು.

ಮೊದಲನೆಯದು ಅವಳದೇ. ಸೊನ್ನೆ ನಿಮಿಷ.

ಎರಡನೆಯದು ಹಗರಿಬೊಮ್ಮನಹಳ್ಳಿಯ ಬಸ್ ಕಂಡಕ್ಟರ್ ಓಬಳೇಶ. ಡ್ಯೂಟಿ ಮೇಲೆ ಹಡಗಲಿಗೆ ಹೋಗಿದ್ದ. ಮೂರನೆಯದು ಹರಪನಹಳ್ಳಿಯ ಒಬ್ಬ ಮೇಷ್ಟ್ರು — ಊರಲ್ಲಿರಲಿಲ್ಲ. ಹಡಗಲಿಗೆ ಫೋನ್ ಹೋಯಿತು. ಓಬಳೇಶ ಅರ್ಧ ದಾರಿಗೆ ಬಸ್ಸು, ಇನ್ನರ್ಧಕ್ಕೆ ಲಾರಿ ಹಿಡಿದು ಬಂದ. ಅಂಗಿಯ ತೋಳು ಮಡಚಿಕೊಂಡೇ ಒಳಗೆ ಬಂದ. ಐದೂವರೆ ಆಗಿತ್ತು.

ಮಾರಿ ಮೂರು ಗಂಟೆಗೇ ಹೋಗಿದ್ದಳು.

5-3-88

ಆ ದಿನ ಲಿಸ್ಟ್ ನೋಡಿ ಕರೆಸಿದವರ ರಕ್ತದಿಂದ ನಾಲ್ಕು ಜನ ಬದುಕಿದರಂತೆ. ಮನೆಗೆ ಬಂದವರೆಲ್ಲ ಇದನ್ನೇ ಹೇಳುತ್ತಾರೆ. "ನಾಕು ಜೀವ ಉಳಿಸಿ ಹೋಗ್ಯಾಳಪ್ಪ ನಿನ್ನ ಹೆಂಡ್ತಿ, ಪುಣ್ಯವಂತಿ." ಕೈ ಮುಗಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ. ಸುಳ್ಳು. ಗೊತ್ತು.

ಮಂಚದ ಕೆಳಗೆ ಇಡೋಣ ಎಂದಿದ್ದಳು. ಒಂದು ಗೋಣಿಚೀಲ ಮುಚ್ಚಿದ್ದರೆ ಸಾಕಿತ್ತು. ಅದೇನು ಬಂಗಾರವೇ? ಎರಡು ಫ್ಲಾಪಿ.

ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೊಟ್ಟಿ ಹಾಕಿ, "ಉಣ್ಣಪ್ಪಾ" ಎನ್ನುತ್ತಾರೆ.

ಇವತ್ತೂ ಒಮ್ಮೆ ಅಲುಗಿತು. ನಾನು ಏಳಲಿಲ್ಲ. ಅತ್ತೆಯೇ ಒಳಗೆ ಬಂದು ಕೈ ಹಿಡಿದು ಎಳೆದುಕೊಂಡು ಹೋದರು.

10-3-88

ಬೆಂಗಳೂರಿನಿಂದ ಹೊಸ ಹಾರ್ಡ್ ಡಿಸ್ಕ್ ಬಂತು. ಮಾರಿ ತಂದ ಫ್ಲಾಪಿಯಿಂದ ಎಲ್ಲ ಮತ್ತೆ ತುಂಬಿದೆ. 412 ಹೆಸರು. ಒಂದೂ ಎರರ್ ಇಲ್ಲ.

ಕಂಪ್ಯೂಟರಿಗೆ ಇನ್ನೂ ಫೆಬ್ರವರಿ ಆರು. ಮಾಳಿಗೆ ಬಿದ್ದಿಲ್ಲ. 137ಕ್ಕೆ ವಯಸ್ಸು 26. ತುಂಬಾ ಹೊತ್ತು ನೋಡಿದೆ. ಪಕ್ಕೀರಪ್ಪ ಹಿಂದೆ ಬಂದು ನಿಂತಿದ್ದ — ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ಚಹಾ ಇಟ್ಟು ಹೋದ.

ಹೆಸರು ತೆಗೆಯಬೇಕು. ಸತ್ತವರ ಹೆಸರು ಅಂದೇ ತೆಗೆಯಬೇಕು ಎಂದು ನಿಯಮ ಮಾಡಿದವನು ನಾನೇ. ನಾಳೆ ನೋಡೋಣ.

24-3-88. ರಾತ್ರಿ

ನಾಳೆ ನಾಳೆ ಎಂದು ಹದಿನಾಲ್ಕು ದಿನ ಮಾಡಿದೆ. ಅದರ ಫಲ ಇವತ್ತು ಮನೆ ಬಾಗಿಲಿಗೆ ಬಂತು.

ಊಟಕ್ಕೆ ಹೋದರೆ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಕೋಗಳಿಯವನು. ಕೈಯಲ್ಲಿ ಆಸ್ಪತ್ರೆಯ ಚೀಟಿ. ಮಗಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ. ಹೊಸ ನರ್ಸು ಲಿಸ್ಟ್ ತೆಗೆದು, ಓಬಳೇಶನಿಗೆ ಫೋನ್ ಮಾಡುವ ಮೊದಲು ಎಲ್ಲಕ್ಕಿಂತ ಮೇಲಿದ್ದ ಹೆಸರಿಗೆ ಇವನನ್ನು ಓಡಿಸಿದ್ದಾಳೆ. ಅತ್ತೆ ಎದುರಿಗೆ ಕೂತಿದ್ದರು. ಬಾಯಿ ತೆರೆಯುವುದಕ್ಕೆ ಆಗಿಲ್ಲ ಅವರಿಗೆ. ನೀರು ಕೊಟ್ಟಿದ್ದಾರೆ, ಅಷ್ಟೆ. ಅವನು ಕಾಯುತ್ತಾ ಕೂತಿದ್ದಾನೆ. ಅರ್ಧ ಗಂಟೆ.

ನನ್ನನ್ನು ನೋಡಿ ಎದ್ದು ನಿಂತ. "ಮಾರೆಮ್ಮ ಅನ್ನೋ ತಾಯಿ ಇದೇ ಮನ್ಯಾಗ ಅದಾರಂತಲ್ರಿ. ಲಗೂನ ಕಳಸ್ರೀ ಯಪ್ಪಾ. ಸೊನ್ನಿ ನಿಮಿಷ ಅಂತ ಬರದೈತ್ರೀ ಇದರಾಗ."

ಅವನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆ. ಓಬಳೇಶ ಇವತ್ತು ಡಿಪೋದಲ್ಲೇ ಸಿಕ್ಕ. ಬಂದ. ಹುಡುಗಿ ಉಳಿದಳು. ಉಳಿಯದೆ ಇದ್ದಿದ್ದರೆ?

ಸಂಜೆ ಡಾಕ್ಟರು ಕರೆದು ಕೂರಿಸಿದರು. "ಹೆಸರು ತಗಿಯಪ್ಪಾ. ನಿನ್ನ ಕೈಲಿ ಆಗದಿಲ್ಲಂದ್ರ ಹೆಂಗಂತ ಹೇಳು, ನಾನು ತಗೀತೀನಿ."

"ಬ್ಯಾಡ್ರಿ ಸರ್. ನಾನಾ ತಗೀತೀನಿ."

26-3-88, ಶನಿವಾರ

ಡಿಲೀಟ್ ಮಾಡಿದೆ.

ಈ ಪ್ರೋಗ್ರಾಮಿನಲ್ಲಿ ಡಿಲೀಟ್ ಎಂದರೆ ಪೂರ್ತಿ ಹೋಗುವುದಿಲ್ಲ. ಹೆಸರಿನ ಪಕ್ಕ ಒಂದು ನಕ್ಷತ್ರದ ಗುರುತು ಬೀಳುತ್ತದೆ. ಹೆಸರು ಅಲ್ಲೇ ಇರುತ್ತದೆ. ರಿಕಾಲ್ ಎಂದರೆ ನಕ್ಷತ್ರ ಹೋಗಿ ಹೆಸರು ವಾಪಸ್. ಪ್ಯಾಕ್ ಎಂದರೆ ಮಾತ್ರ ಮುಗಿಯಿತು — ಗುರುತು ಬಿದ್ದವರನ್ನೆಲ್ಲ ಕಿತ್ತುಹಾಕಿ ಕೆಳಗಿನವರನ್ನು ಮೇಲಕ್ಕೆ ಸರಿಸುತ್ತದೆ. 138 ಬಂದು 137ರಲ್ಲಿ ಕೂರುತ್ತದೆ.

ಪ್ಯಾಕ್ ಮಾಡಲಿಲ್ಲ. ನರ್ಸಿಗೆ ಹೇಳಿದೆ — ನಕ್ಷತ್ರ ಇದ್ದವರನ್ನು ಕರೆಯಬೇಡ. ತಲೆ ಆಡಿಸಿದಳು. ಬ್ಯಾಕಪ್ಪನ್ನೂ ಮಾಡಲಿಲ್ಲ. ಹೊಸ ಫ್ಲಾಪಿ ಬಂದಿಲ್ಲ. ಮಾಡಿದರೆ ಅವಳು ತಂದದ್ದರ ಮೇಲೇ ಬರೆಯಬೇಕು.

ಮನೆಗೆ ಬಂದು ಡಬ್ಬಿಯನ್ನು ಅಂಗಳದಲ್ಲಿ, ಮಂಚದ ಕೆಳಗೆ ಇಟ್ಟೆ. ಗೋಣಿ ಮುಚ್ಚಿದೆ. ಅತ್ತೆ ನೋಡಿದರು. ನೋಡಿ ಒಳಗೆ ಹೋದರು. ಒಳಗಿನಿಂದ ಅಳುವ ಸದ್ದು ಬಂತು. ಇಷ್ಟು ದಿನಕ್ಕೆ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತೆವು.

2-4-88, ಶನಿವಾರ. ಮಧ್ಯಾಹ್ನ 3

ಆಸ್ಪತ್ರೆಯಲ್ಲೇ ಬರೆಯುತ್ತಿದ್ದೇನೆ. ಹೆಸರು ತೆಗೆಯುವ ಕೆಲಸ ಇವತ್ತು ಮುಗಿಸುತ್ತೇನೆ ಎಂದು ಅತ್ತೆಗೆ ಹೇಳಿಯೇ ಬಂದೆ. "ಮಾಡಪ್ಪಾ. ಅಕಿ ಹೆಸರು ನೋಡಿ ಇನ್ನೊಬ್ಬರು ನಮ್ಮ ಕಟ್ಟಿಮ್ಯಾಲ ಬಂದು ಕುಂದ್ರೋದು ಬ್ಯಾಡ" ಎಂದರು.

ಎರಡು ವಾರದಿಂದ ನೆಲ ಅಲುಗಿಲ್ಲ. ಜನ ಮಂಚ ಒಳಗೆ ತೆಗೆದುಕೊಂಡಿದ್ದಾರೆ.

ಫ್ಲಾಪಿ ಎರಡೂ ಮೇಜಿನ ಮೇಲಿವೆ. ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಬಿಳಿಯದೇನೋ ಗೆರೆಯಂತೆ ಒಣಗಿದೆ. ಹಿಟ್ಟು. ಅವತ್ತು ನಾನು ಪೂರ್ತಿ ಒರೆಸಿರಲಿಲ್ಲ ಹಾಗಾದರೆ. ಹಾಗೇ ಬಿಟ್ಟಿದ್ದೇನೆ.

ಪ್ಯಾಕ್ ಎಂದು ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ. ಅಳಿಸಿದೆ. ಒಂದೇ ಒಂದು ಸಲ, ಒಂದೇ ನಿಮಿಷ ಎಂದುಕೊಂಡು ರಿಕಾಲ್ ಎಂದೆ. ನಕ್ಷತ್ರ ಹೋಯಿತು. ಮಾರೆಮ್ಮ, ವಯಸ್ಸು 26, ಕೊಟ್ಟೂರು. ಸಮಯ — ಸೊನ್ನೆ.

ಕರೆದ ಕೂಡಲೇ ಬರುತ್ತೇನೆ ಎಂದಿದ್ದೆಯಲ್ಲ, ಮಾರಿ. ಹತ್ತು ನಿಮಿಷವಾದರೂ ಬೇಕು ಎಂದು ನಾನು ವಾದ ಮಾಡಿದ್ದೆ. ಹತ್ತು ನಿಮಿಷ ತಗೊ. ಒಂದು ತಾಸು ತಗೊ. ನಾನು ಬೈಯುವುದಿಲ್ಲ —

ಡಾಕ್ಟರು ಬಾಗಿಲು ಬಡಿಯುತ್ತಿದ್ದಾರೆ. ಓ ನೆಗೆಟಿವ್ ಬೇಕಂತೆ, ಕೂಡಲೇ. ಲಿಸ್ಟ್ ತೆಗೆಯಬೇಕು. ಎಲ್ಲಕ್ಕಿಂತ ಮೇಲೆ ಅವಳಿದ್ದಾಳೆ. ಮೊದಲು ಅವಳಿಗೆ ಮತ್ತೆ ಆ ನಕ್ಷತ್ರ —