ಮೂರು ಎಲೆ, ಒಂದೇ ಗಿಡ

ಚನ್ನಪಟ್ಟಣ, 12-8-1957

ಅಣ್ಣಾ, ಇಲ್ಲಿಂದಲೇ ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ. ರೇಷ್ಮೆ ತರಬೇತಿಯಲ್ಲಿ ಇಂದು ಗೆದ್ದವನು ನಾನೇ! ಮಾಸ್ತರರು ಮೂರು ಹಿಪ್ಪುನೇರಳೆ ಎಲೆ ತೋರಿಸಿ, ಇವು ಎಷ್ಟು ಗಿಡದವು ಎಂದು ಕೇಳಿದರು. ಒಂದು ಅಖಂಡ, ಒಂದಕ್ಕೆ ಒಂದೇ ಸೀಳು, ಇನ್ನೊಂದು ಅಂಗೈಯಂತೆ ಐದು ಬೆರಳು. ಎಲ್ಲರೂ ಮೂರು ಗಿಡ ಎಂದರು. ನಾನು ನೋಡಿದೆ: ಅಂಚಿಗೆ ಅದೇ ಗರಗಸದ ಹಲ್ಲು, ತೊಟ್ಟು ಮುರಿದರೆ ಅದೇ ಬಿಳಿ ಹಾಲು.

“ಒಂದೇ ಗಿಡದ್ದು ಅದಾವ್ರಿ. ಒಂದ ಕುರಿ ಕರಿ ಮರಿ, ಬಿಳಿ ಮರಿ ಎರಡೂ ಹಾಕೂದಿಲ್ಲೇನ್ರಿ?” ಎಂದೆ.

ಎಲ್ಲರೂ ನಕ್ಕರು. ಮಾಸ್ತರರು ತೋಟಕ್ಕೆ ಕರೆದೊಯ್ದರು. ಒಂದೇ ಕೊಂಬೆಯಲ್ಲಿ ಮೂರೂ ಬಗೆ ಇದ್ದವು!

ಮೈ ಹುಷಾರಾಗಿದೆ, ಇಲ್ಲಿನ ರಾಗಿ ಮುದ್ದೆಯೂ ಈಗ ಗಂಟಲಿಗಿಳಿಯುತ್ತಿದೆ. ಬಹುಮಾನವಾಗಿ ನೂರು ಹಿಪ್ಪುನೇರಳೆ ಕಡ್ಡಿ ನೆಡಲು ಕೊಟ್ಟಿದ್ದಾರೆ. ನಮ್ಮೂರು ವನದುರ್ಗದ ಬಾವಿ ಹೊಲಕ್ಕೆ ಈಗಲೇ ಮುಳ್ಳುಬೇಲಿ ಹಾಕಿಸು. ಇಲ್ಲದಿದ್ದರೆ ನನ್ನ ಬಹುಮಾನವನ್ನು ನಮ್ಮ ಆಡುಗಳೇ ಮೇಯ್ದುಬಿಟ್ಟಾವು!

ನಿನ್ನ ತಮ್ಮ ಅಮೋಘಸಿದ್ದ