ಬಂಗು ಸುಲಿಯುವ ಶೀಶೆ ಮತ್ತು ನನ್ನ ಮುಖ

ಸೌಂದರ್ಯವರ್ಧಕಗಳ ಮಾರಾಟದ ಮೇಲೆ ಕಣ್ಣಿಟ್ಟಿರುವ ಮಾನ್ಯ ಅಧಿಕಾರಿಗಳೇ,

ಆ ಕಣ್ಣು ತೆರೆದಿದ್ದರೆ ಇತ್ತ ನೋಡಿ. ನನ್ನ ಮುಖ ಸುಟ್ಟಿದೆ. ಸುಟ್ಟಿದ್ದು ಒಲೆಯಲ್ಲ, ತಮ್ಮ ಇಲಾಖೆಯ ಕಣ್ಣೆದುರೇ ಮಾರಾಟವಾಗುವ ಒಂದು ಶೀಶೆ.

ನಾನು ಮಳಗಿಯ ಆಶಾ ಕಾರ್ಯಕರ್ತೆ. ಎರಡನೇ ಹೆರಿಗೆಯ ನಂತರ ಕೆನ್ನೆಗೆ ಬಂಗು ಬಂದಿತ್ತು. ಮುಂಡಗೋಡದ ಸಂತೆಗೆ ಹೋದಾಗ ಫ್ಯಾನ್ಸಿ ಅಂಗಡಿಯವನು ಮುಖಕ್ಕೆ ಹಚ್ಚುವ, ಆಸಿಡ್ ಇರುವ ಸೀರಮ್ ಶೀಶೆ ಕೈಗಿಟ್ಟ. "ದಿನಾ ಹಚ್ಚಿಕೊಳ್ರಿ ಅಕ್ಕಾರ, ಬಾಳೆಹಣ್ಣಿನ ಸಿಪ್ಪಿ ಸುಲದಂಗ ಸುಲೀತೈತಿ!" ಹಚ್ಚಿದೊಡನೆ ಉರಿಯತೊಡಗಿತು. ನಮ್ಮ ಅತ್ತೆ ಮುದಕವ್ವ ಧೈರ್ಯ ಹೇಳಿದರು: "ತಡಕೋ ಯವ್ವಾ. ಉರದ್ರ ಔಷಧ ಹತ್ತೇತಿ ಅಂತ ತಿಳಕೋ." ನಮ್ಮ ಕಡೆ ಔಷಧವೂ ಹತ್ತುತ್ತದೆ, ಬೆಂಕಿಯೂ ಹತ್ತುತ್ತದೆ. ಯಾವುದು ಹತ್ತಿತೆಂದು ತಿಳಿಯುವ ಮೊದಲೇ ದಿನಾ ಹಚ್ಚಿದೆ, ದಿನಾ ಬಿಸಿಲಲ್ಲಿ ಮನೆಮನೆ ತಿರುಗಿದೆ. ಬಂಗು ಇದ್ದಲ್ಲೇ ಇದೆ, ಅದರ ಸುತ್ತಲಿನ ಚರ್ಮ ಸುಲಿದು ಕಪ್ಪಾಯಿತು.

ಹುಬ್ಬಳ್ಳಿಯ ಚರ್ಮದ ಡಾಕ್ಟರು ಗದರಿದರು. "ಮೊದಲ ಕಿವಿ ಹಿಂದ ತುಸು ಹಚ್ಚಿ ನೋಡಬೇಕಿತ್ತು. ವಾರಕ್ಕ ಒಂದೆರಡು ಸಲ ಸಾಕಿತ್ತು. ಉರದ್ರ ತೊಳದು ಬಿಡಬೇಕು, ಸನ್‌ಸ್ಕ್ರೀನ್ ಇಲ್ಲದನ ಬಿಸಿಲಿಗೆ ಹೋಗಬಾರದು. ನಮ್ಮಂಥ ಬಣ್ಣದ ಚರ್ಮ ಸುಟ್ರ ಕಪ್ಪಾಗ್ತೈತ್ರಿ. ಶೀಶೆ ಮ್ಯಾಲೆ ಬರದಾರಲ್ಲ!" ಬರೆದಿದ್ದಾರೆ, ಸತ್ಯ. ಇಂಗ್ಲಿಷಿನಲ್ಲಿ, ಇರುವೆ ಹರಿದಂಥ ಅಕ್ಷರದಲ್ಲಿ. ಮಾನ್ಯರೇ, ಉರಿ ಮಾತ್ರ ಕನ್ನಡದವರಿಗೆ, ಎಚ್ಚರಿಕೆ ಇಂಗ್ಲಿಷಿನವರಿಗೆ ಎಂದು ಹಂಚಿದವರು ಯಾರು? ಈ ಕಪ್ಪು ಹೋಗುತ್ತದೆಯೇ ಎಂದು ಕೇಳಿದೆ. "ನೋಡೋಣ" ಎಂದರು. ರೋಗಿಗಳಿಗೆ ನಾನೂ ಹಾಗೇ ಹೇಳುವವಳು. ಆ ಮಾತಿನ ಅರ್ಥ ನನಗೆ ಗೊತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತುಬಿಟ್ಟೆ.

ನನ್ನ ಮುಖದ ಪಾಡು ಹೇಗೋ ನಡೆದೀತು. ನಮ್ಮೂರಿನ ಸಹನಾ ತುಂಬು ಗರ್ಭಿಣಿ, ಮೈಯಲ್ಲಿ ರಕ್ತ ಕಡಿಮೆ. ಕಬ್ಬಿಣಾಂಶದ ಗುಳಿಗೆ ಕೊಡಲು ಹೋದರೆ ಕೈ ಹಿಂದೆ ಸರಿಸಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಮಾರಿ ನೋಡಿದ್ರ ಔಷಧ ಅಂದ್ರನ ಅಂಜಿಕಿ ಬರ್ತೈತ್ರಿ." ಅದು ಬೇರೆ, ಇದು ಬೇರೆ ಎಂದು ಗೋಗರೆದೆ. ಅವಳು ನನ್ನ ಕೆನ್ನೆಯನ್ನೇ ನೋಡುತ್ತ ಕೂತಳು. ಗುಳಿಗೆಗಳನ್ನು ಚೀಲದಲ್ಲೇ ವಾಪಸು ತಂದೆ.

ಇಂಥ ಪ್ರತಿ ಶೀಶೆಯ ಮೇಲೂ ದಪ್ಪ ಕನ್ನಡ ಅಕ್ಷರದಲ್ಲಿ 'ಉರಿದರೆ ತೊಳೆಯಿರಿ, ಬಿಸಿಲಿಗೆ ಹೋಗಬೇಡಿ' ಎಂದು ಅಚ್ಚು ಹಾಕಿಸಿ. ಅದಕ್ಕೆ ಸಮಿತಿ, ಸಭೆ, ವರದಿ ಎಲ್ಲ ಆಗಬೇಕೆಂದರೆ ಆಗಲಿ, ಹೆರಿಗೆ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದ ಸಹನಾಳ ಗುಳಿಗೆಗಳನ್ನು ತಾವೇ ಬಂದು ಕೊಟ್ಟು ಹೋಗಿ. ತಮ್ಮ ಮುಖ ನೋಡಿಯಾದರೂ ನುಂಗಿಯಾಳು.

ಇಂತಿ,
ಊರಿಗೆಲ್ಲ ಔಷಧ ಹಂಚುವ, ಯಾರೂ ನಂಬದ
ಸುಮಿತಾ, ಮಳಗಿ