ಗುಡ್ಡದ ಕೆಳಗೆ ನಿಲ್ಲಿಸಿದ ಬ್ರೆಡ್ ಗಾಡಿ

ಮಣ್ಣಗುಡ್ಡ, ಮಂಗಳೂರು
೧೯ ಆಗಸ್ಟ್ ೨೦೨೫, ಮಂಗಳವಾರ

ಮುದ್ದಿನ ಮಗಳು ಭವ್ಯಾಳಿಗೆ,

ಹೇಗಿದ್ದೀ ಮಗಾ? ಇಲ್ಲಿಂದ ಹೋಗುವಾಗ ಇದ್ದ ಕೆಮ್ಮು ಕಡಿಮೆಯಾಯಿತಾ? ಮಸ್ಕತ್ತಿನಲ್ಲಿ ಇಡೀ ದಿನ ಎ.ಸಿ. ಹಾಕಿಕೊಂಡು ಕೂರಬೇಡ. ಅಳಿಯ ಮುಖೇಶನ ಬೆನ್ನು ನೋವು ಹೇಗುಂಟು? ನಾನೂ ಹಿತೇಶನೂ ಚೆನ್ನಾಗಿದ್ದೇವೆ. ನಿನ್ನ ತಮ್ಮ ಈಗ ಗಂಜಿ, ಚಟ್ನಿ ಮಾಡಲು ಕಲಿತಿದ್ದಾನೆ, ಉಪ್ಪು ಮಾತ್ರ ಇನ್ನೂ ಅವನ ಕೈಗೆ ಒಗ್ಗಿಲ್ಲ. ಪಕ್ಕದ ಮನೆಯ ಡಾಲಿ ರಜೆ ಮುಗಿಸಿ ಇವತ್ತು ಮಧ್ಯಾಹ್ನದ ವಿಮಾನಕ್ಕೆ ಮಸ್ಕತ್ತಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಹಪ್ಪಳದ ಜೊತೆ ಈ ಪತ್ರ ಕಳಿಸುತ್ತಿದ್ದೇನೆ.

ದಿನಾ ಫೋನ್ ಮಾಡುವ ಅಪ್ಪ ಪತ್ರ ಯಾಕೆ ಬರೆದ ಎಂದು ನಿನಗೆ ಅನಿಸಬಹುದು. ಬಹರೈನಿನಲ್ಲಿದ್ದ ಒಂಬತ್ತು ವರ್ಷ ನಿನ್ನ ಅಮ್ಮನೊಂದಿಗೆ ಪತ್ರದಲ್ಲೇ ಸಂಸಾರ ಮಾಡಿದವನು ನಾನು. ಬಾಯಲ್ಲಿ ತುಳು ಇದ್ದರೂ ಮನಸ್ಸಿನದ್ದು ಹೇಳಬೇಕಾದರೆ ಕಾಗದವೇ ಬೇಕು. ನಿನಗೆ ಫೋನಿನಲ್ಲೇ ಹೇಳಬೇಕೆಂದು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ಅಲ್ಲಿ ಒಳ್ಳೆಯ ಮೀನು ಸಿಗುತ್ತದಾ ಎಂದು ಕೇಳಿ ಇಟ್ಟುಬಿಟ್ಟೆ.

ಅಮ್ಮನಿಗೆ ಡಯಾಲಿಸಿಸ್ ಶುರುವಾದದ್ದು ನಿನಗೆ ಗೊತ್ತಲ್ಲ, ವಾರಕ್ಕೆ ಮೂರು ದಿನ, ಅತ್ತಾವರದ ಆಸ್ಪತ್ರೆಯಲ್ಲಿ. ಬೆಳಿಗ್ಗೆ ಅವಳನ್ನು ಹಾಸಿಗೆಗೆ ಹತ್ತಿಸಿ ನಾನು ಬ್ರೆಡ್ ಗಾಡಿ ತೆಗೆದುಕೊಂಡು ಹೋಗುತ್ತಿದ್ದೆ. ಮುಗಿಯುವ ಹೊತ್ತಿಗೆ ಅಂಗಡಿಗಳಿಗೆ ಬ್ರೆಡ್ ಹಾಕುವ ಲೈನ್ ಬಿಟ್ಟು ಅತ್ತಾವರಕ್ಕೆ ಬಂದು, ಅವಳನ್ನು ಮನೆಗೆ ಬಿಟ್ಟು ಮತ್ತೆ ಹೊರಡುತ್ತಿದ್ದೆ. ಮೇ ತಿಂಗಳಲ್ಲಿ ಕಂಪೆನಿಯವರು ಎಲ್ಲ ಗಾಡಿಗಳಿಗೂ ಜಿ.ಪಿ.ಎಸ್. ಕೂರಿಸಿದರು. ಎರಡನೇ ದಿನವೇ ಸೂಪರ್‌ವೈಸರ್ ಫೋನ್ ಮಾಡಿ, "ನೋಣಯ್ಯಣ್ಣ, ನಿಮ್ಮ ಗಾಡಿ ಅತ್ತಾವರದಲ್ಲಿ ಎಂತ ಮಾಡ್ತಾ ಉಂಟು?" ಎಂದು ಕೇಳಿದ. ಹೆಂಡತಿಯ ಕಾಯಿಲೆ ಎಂದು ಹೇಳಬಹುದಿತ್ತು. ಐವತ್ತೊಂಬತ್ತು ವರ್ಷದವನನ್ನು ಅದೇ ನೆಪದಲ್ಲಿ ಮನೆಗೆ ಕಳಿಸಿಯಾರು ಎಂದು ಹೆದರಿ, ಟ್ರಾಫಿಕ್ ಎಂದೆ. ಆಗ ಇನ್ನೊಂದು ಗಾಡಿಯ ಲತೇಶ್ ನನಗೊಂದು ಸಾಮಾನು ಕೊಟ್ಟ. ಹೆಬ್ಬೆರಳಿನಷ್ಟು ದೊಡ್ಡದು, ಕಪ್ಪು, ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದರೆ ಒಂದು ಕೆಂಪು ದೀಪ ಉರಿಯುತ್ತದೆ. "ಎಂತದೂ ಆಗುದಿಲ್ಲ ಮಾರಾಯ್ರೆ, ಆಫೀಸಿನ ಕಂಪ್ಯೂಟರಿನಲ್ಲಿ ನಿಮ್ಮ ಗಾಡಿ ಕಾಣುದಿಲ್ಲ, ಅಷ್ಟೇ," ಎಂದ. ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಮೊದಮೊದಲು ಅತ್ತಾವರಕ್ಕೆ ಹೋಗುವಾಗ ಮಾತ್ರ ಹಾಕುತ್ತಿದ್ದೆ, ಆಮೇಲೆ ತೆಗೆಯುವುದನ್ನೇ ಬಿಟ್ಟೆ. ಅಮ್ಮ ಒಮ್ಮೆ ಅದನ್ನು ನೋಡಿ ಇದೆಂತ ಎಂದು ಕೇಳಿದ್ದಳು. ಮೊಬೈಲ್ ಚಾರ್ಜರ್ ಎಂದು ಹೇಳಿದ್ದೆ.

ಈಗ ಜುಲೈ ಇಪ್ಪತ್ತೆರಡರ ಬೆಳಿಗ್ಗೆಯ ವಿಷಯ. ಅಮ್ಮ ಐ.ಸಿ.ಯು.ನಲ್ಲಿದ್ದಳು, ಹಿತೇಶ್ ಹೊರಗೆ ಕೂತಿದ್ದ. ನಿನ್ನ ವಿಮಾನ ಏಳು ನಲವತ್ತಕ್ಕೆ. ಬ್ರೆಡ್ ಇಳಿಸಿ ಅದೇ ಗಾಡಿಯಲ್ಲಿ ನಿನ್ನನ್ನು ಕರೆದುಕೊಂಡು ಬರುತ್ತೇನೆಂದು ಹೇಳಿದ್ದೆನಲ್ಲ, ಏಳೂವರೆಗೆ ಕೆಂಜಾರಿನಲ್ಲಿ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿದ್ದೆ. ದಿನಾ ಬೆಳಿಗ್ಗೆ ಚಾ ಕುಡಿಯಲು ನಿಲ್ಲಿಸುವ ಜಾಗವೇ ಅದು, ವಿಮಾನಗಳು ತಲೆಯ ಮೇಲಿಂದಲೇ ಇಳಿಯುತ್ತವೆ. ಸಣ್ಣ ಮಳೆ, ಮೋಡ ಗುಡ್ಡಕ್ಕೆ ತಾಗಿಕೊಂಡಿತ್ತು. ನಿನ್ನ ವಿಮಾನದ ಶಬ್ದ ಕೇಳಿತು, ಮೋಡದಿಂದ ಹೊಟ್ಟೆ ಕಂಡಿತು, ಚಕ್ರವೂ ಕಂಡಿತು. ನಾನು ಕೈ ಎತ್ತಿದೆ ಭವ್ಯಾ, ನಿನಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ. ಅಷ್ಟರಲ್ಲಿ ಅದು ಒಮ್ಮೆಲೇ ಗರ್ಜಿಸಿ ಮೂಗು ಎತ್ತಿ ಮೇಲಕ್ಕೆ ಹೋಯಿತು. ಇನ್ನೊಂದು ಸಲ ಬಂತು, ಮತ್ತೆ ಹಾಗೆಯೇ ಹೋಯಿತು. ನಾನು ಸ್ಟಿಯರಿಂಗ್ ಹಿಡಿದು ಕೂತು, ದೇವರೇ ನನ್ನ ಮಗಳನ್ನು ಇಳಿಸು ಎಂದು ಬೇಡುತ್ತಿದ್ದೆ. ಮೊಣಕಾಲಿನ ಹತ್ತಿರ ಆ ಕೆಂಪು ದೀಪ ಉರಿಯುತ್ತಲೇ ಇತ್ತು.

ವಿಮಾನ ಬೆಂಗಳೂರಿಗೆ ಹೋಯಿತೆಂದು ತಿಳಿದು ಆಸ್ಪತ್ರೆಗೆ ಓಡಿದೆ. ಅಮ್ಮನಿಗೆ ಎಚ್ಚರ ಇತ್ತು. "ಭವ್ಯಾ ಬತ್ತಳಾ?" ಎಂದು ಕೇಳಿದಳು. ಬಂದಳು, ಬ್ಯಾಗಿಗೆ ಕಾಯುತ್ತಿದ್ದಾಳೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಹತ್ತು ನಲವತ್ತಕ್ಕೆ ಹೋದಳು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು, ಬೆಂಗಳೂರಿನಿಂದ ರಸ್ತೆಯಲ್ಲಿ ಬರುತ್ತಿದ್ದ ನೀನು ಯಾವಾಗ ತಲುಪುತ್ತೀ ಎಂದೇ ಗೊತ್ತಿರಲಿಲ್ಲ, ಕತ್ತಲೆಯ ಮೊದಲು ಮುಗಿಸಬೇಕು ಎಂದು ಹಿರಿಯರು ಹೇಳಿದರು. ನೀನು ಬಂದಾಗ ಅಂಗಳ ತೊಳೆದಾಗಿತ್ತು. ನೀನು ಒದ್ದೆ ನೆಲದ ಮೇಲೆ ಕೂತು, ಮುಖ ಒಂದು ತೋರಿಸಬಹುದಿತ್ತಲ್ಲ ಅಪ್ಪಾ ಎಂದೆ.

ಆ ದಿನ ನಿಜವಾಗಿಯೂ ನನಗೆ ಏನೂ ಹೊಳೆದಿರಲಿಲ್ಲ. ಹೊಳೆದದ್ದು ಅಮ್ಮನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೂರನೇ ದಿನ, ನೀನು ಪೇಪರ್ ಗಟ್ಟಿಯಾಗಿ ಓದಿದಾಗ. ಜೂನ್‌ನಿಂದ ಇಲ್ಲಿಗೆ ಇಳಿಯುವ ಕೆಲವು ವಿಮಾನಗಳಿಗೆ ಉಪಗ್ರಹದ ಸಿಗ್ನಲ್, ಅದೇ ಜಿ.ಪಿ.ಎಸ್., ತಪ್ಪುತ್ತಿತ್ತಂತೆ, ಕಾರಣ ತಿಳಿದಿಲ್ಲವಂತೆ, ಬೆಳಿಗ್ಗೆ ಏಳರಿಂದ ಎಂಟರ ಒಳಗೇ ಹೆಚ್ಚಂತೆ, ಭಾನುವಾರ ಮಾತ್ರ ಇಲ್ಲವಂತೆ, ಇಪ್ಪತ್ತೆರಡರ ನಂತರ ಒಮ್ಮೆಯೂ ಆಗಿಲ್ಲವಂತೆ. ಭಾನುವಾರ ನನಗೆ ರಜೆ. ಇಪ್ಪತ್ತೆರಡರ ನಂತರ ನಾನು ಗಾಡಿ ಮುಟ್ಟಿರಲಿಲ್ಲ, ಅದು ಕಂಪೆನಿಯ ಶೆಡ್ಡಿನಲ್ಲೇ ನಿಂತಿತ್ತು. ನೀನು ಪೇಪರ್ ಮಡಚಿ, "ಯಾರಪ್ಪಾ ಇಂಥದ್ದು ಮಾಡುವುದು? ಅವರಿಗೆ ಮನೆಯಲ್ಲಿ ಯಾರೂ ಇಲ್ಲವಾ?" ಎಂದು ಕೇಳಿದೆ. ನಾನು ಎದ್ದು ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆದೆ. ನೀನು ಹಿಂದಿನಿಂದ ಬಂದು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು, ಪಾಪ ಎಂದು ಬೆನ್ನು ಸವರಿದೆ. ಆ ಕೈಯ ಭಾರ ಇನ್ನೂ ಇಳಿದಿಲ್ಲ. ಮರುದಿನವೇ ಹೋಗಿ ಅದನ್ನು ಗಾಡಿಯಿಂದ ಕಿತ್ತು ತಂದೆ.

ನನ್ನದೇ ಕಾರಣವೆಂದು ಯಾವ ಇಂಜಿನಿಯರೂ ಹೇಳಿಲ್ಲ. ಇರಲಿಕ್ಕಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ವಿಮಾನದಲ್ಲಿ ನೀನಲ್ಲದೆ ಇನ್ನೂ ನೂರಾರು ಜನ ಇದ್ದರು ಎನ್ನುವುದು ನೆನಪಾದರೆ ಆ ಸಮಾಧಾನವೂ ಹೋಗುತ್ತದೆ.

ಇನ್ನೊಂದು ಉಂಟು. ನಿನ್ನ ಮದುವೆಯ ವಿಡಿಯೋ ಮಾಡಿದ ಕೆಂಜಾರಿನ ಅಫ್ರೋಝ್ ನೆನಪಿದ್ದಾನಲ್ಲ, ಅಮ್ಮ ನಗುತ್ತಿರುವ ಫೋಟೋವನ್ನು ಆ ವಿಡಿಯೋದಿಂದ ಹುಡುಕಿ ತೆಗೆದುಕೊಟ್ಟವನು. ಜುಲೈ ಇಪ್ಪತ್ತನಾಲ್ಕಕ್ಕೆ ಪೊಲೀಸರು ಈ ಸಿಗ್ನಲಿನ ವಿಷಯಕ್ಕೇ ಅವನ ಡ್ರೋನನ್ನೂ ಕಂಪ್ಯೂಟರನ್ನೂ ಪರೀಕ್ಷೆಗೆಂದು ತೆಗೆದುಕೊಂಡು ಹೋದರು. ಅವರು ಏನೂ ತೀರ್ಮಾನ ಹೇಳಿಲ್ಲ. ಹೇಳುವವರು ಊರಿನವರು. ಅವನ ಸಾಮಾನು ಹೋದ ಮೇಲೆ ತೊಂದರೆ ನಿಂತಿತಲ್ಲ, ಇನ್ನೆಂತ ಸಾಕ್ಷಿ ಬೇಕು ಎನ್ನುತ್ತಾರೆ. ಹೆಸರು ಕೇಳಿಯೇ ಅರ್ಧ ನಂಬಿದವರು ಉಳಿದರ್ಧಕ್ಕೆ ಇದನ್ನು ಹಿಡಿದುಕೊಂಡಿದ್ದಾರೆ. ಮೂರು ಮದುವೆಯವರು ಅವನನ್ನು ಬೇಡ ಎಂದರಂತೆ. ಮೊನ್ನೆ ಚಾ ಅಂಗಡಿಯಲ್ಲಿ ಅವನೇ ನನ್ನ ಪಕ್ಕ ಬಂದು ಕೂತು, "ನೋಣಯ್ಯಣ್ಣ, ನೀವಾದ್ರೂ ನಂಬ್ತೀರಲ್ಲ ನನ್ನನ್ನು?" ಎಂದ. ನಂಬುತ್ತೇನೆ ಎಂದೆ. ನನ್ನಷ್ಟು ಖಂಡಿತವಾಗಿ ನಂಬುವವರು ಈ ಊರಲ್ಲಿ ಬೇರೆ ಯಾರಿದ್ದಾರೆ ಹೇಳು.

ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ. ನೀನು ಸಿಟ್ಟು ಮಾಡು, ಎಷ್ಟು ದಿನ ಬೇಕಾದರೂ. ಊಟ ಮಾತ್ರ ಬಿಡಬೇಡ. ನಂಬಿದ ದೈವಗಳು ನಿನ್ನನ್ನೂ ಮುಖೇಶನನ್ನೂ ತಂಪಾಗಿ ಇಡಲಿ. ಅವನಿಗೆ ನನ್ನ ನೆನಪು ಹೇಳು.

ನಿನ್ನ ಅಪ್ಪ,
ನೋಣಯ್ಯ

ಮತ್ತೆ: ಡಾಲಿಯ ಟ್ಯಾಕ್ಸಿ ಗೇಟಿನಲ್ಲಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಫ್ರೋಝನನ್ನು ಬೆಳಿಗ್ಗೆ ಮತ್ತೆ ಕರೆಸಿದ್ದಾರೆಂದು ಈಗಷ್ಟೇ ಲತೇಶ್ ಫೋನ್ ಮಾಡಿದ. ಅವನ ತಾಯಿ ಠಾಣೆಯ ಹೊರಗೆ ಮಳೆಯಲ್ಲೇ ನಿಂತಿದ್ದಾರಂತೆ. ಆ ಸಾಮಾನನ್ನು ಕಿಸೆಯಲ್ಲಿ ಹಾಕಿಕೊಂಡಿದ್ದೇನೆ. ಠಾಣೆ ವಿಮಾನ ನಿಲ್ದಾಣದ ದಾರಿಯಲ್ಲೇ ಉಂಟು, ಡಾಲಿಯ ಜೊತೆ ಕೂತು ಅಲ್ಲಿ ಇಳಿಯುತ್ತೇನೆ. ಹಿತೇಶನಿಗೆ ಚೀಟಿ ಬರೆದಿಟ್ಟಿದ್ದೇನೆ, ಅವನು ಹೆದರಿಯಾನು, ನೀನೊಂದು ಫೋನ್ ಮಾಡು. ಡಾಲಿಗೆ ಏನೂ ಗೊತ್ತಿಲ್ಲ. ಅಂಕಲ್ ತನ್ನನ್ನು ಬಿಡಲಿಕ್ಕೆ ಬರುತ್ತಿದ್ದಾರೆಂದು ಖುಷಿಯಲ್ಲಿದ್ದಾಳೆ.